ನರಮಾರ್ಗಗಳ ಪುನರುಜ್ಜೀವನವೂ ನಮ್ಮ ಕರ್ತವ್ಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾದ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಬಿನ್ನವಿಸುವೆನು. ನಾನು ವೈದ್ಯನಲ್ಲ, ಯಂತ್ರಶಾಸ್ತ್ರವನ್ನು ಓದಿದವನೂ ಅಲ್ಲ. ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ಸಿದ್ಧಾಂತಗಳನ್ನು ಕಲಿತು, ಮೂವತ್ತು ವರ್ಷಗಳಿಂದ ಅವನ್ನೇ ಮಕ್ಕಳಿಗೆ ಹೇಳಿಕೊಡುತ್ತ ಬಂದವನು. ಇಂಥವನಿಗೆ, ಅಂಗವಿಕಲರಿಗೆ ಚಲನೆಯನ್ನೂ ಸಂವೇದನೆಯನ್ನೂ ಮರಳಿ ದೊರಕಿಸಿಕೊಡುವ ನೂತನ ನರವಿದ್ಯೆಯ ವಿಷಯವಾಗಿ ಮಾತನಾಡಬೇಕೆಂದು ಅಪ್ಪಣೆಯಾದಾಗ ಮೊದಲು ಅಂಜಿಕೆಯಾಯಿತು. ಆಲೋಚಿಸಿ ನೋಡಲಾಗಿ, ಈ ವಿಷಯದಲ್ಲಿ ನಾನು ಹೇಳಬೇಕಾದ ಒಂದು ಮಾತು ಬಹುಕಾಲದಿಂದ ಎದೆಯಲ್ಲಿಯೇ ಉಳಿದಿರುವುದೆಂದು ತಿಳಿದುಬಂದಿತು. ಅದನ್ನು ಈ ಸನ್ನಿಧಿಯಲ್ಲಿ ಹೇಳಿ ಹಗುರವಾಗುವೆನು.

ನಾನು ಪಾಠಶಾಲೆಗೆ ಸೇರಿದ ಹೊಸದರಲ್ಲಿ, ಎಂದರೆ ೧೯೮೦ರ ಈಚಿನ ಒಂದೆರಡು ವರ್ಷಗಳಲ್ಲಿ, ಯಳಂದೂರು ಸೀಮೆಯ ವೃದ್ಧರೊಬ್ಬರು ಸೋಮವಾರಗಳಲ್ಲಿ ಮಠಕ್ಕೆ ಬರುತ್ತಿದ್ದರು. ಕುಷ್ಠರೋಗದಿಂದ ಅವರ ಕೈಗಳೆರಡೂ ಮರಗಟ್ಟಿ, ಬೆರಳುಗಳು ಒಳಕ್ಕೆ ಮಡಿಚಿಕೊಂಡಿದ್ದುವು. ಜಗಲಿಯ ತುದಿಯಲ್ಲಿ ಒಬ್ಬರೇ ಕುಳಿತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಪೂಜೆಯು ಮುಗಿಯುವವರೆಗೂ ಅವರು ಅಂಗೈಯಿಂದ ದೃಷ್ಟಿಯನ್ನು ಕದಲಿಸುತ್ತಿರಲಿಲ್ಲ. ಒಂದು ದಿನ ಹುಡುಗುತನದಿಂದ, “ಅಜ್ಜಾರೆ, ನೀವು ಕಣ್ಣು ಮುಚ್ಚಿ ಧ್ಯಾನ ಮಾಡೋದೇ ಇಲ್ಲವಲ್ಲ?” ಎಂದು ಕೇಳಿದೆನು. ಅವರು ನಕ್ಕು, “ಕಣ್ಣು ಮುಚ್ಚಿದರೆ ಲಿಂಗ ಕೈಯಾಗೆ ಅದೋ ಜಾರಿಬಿತ್ತೋ ನಂಗೆ ಗೊತ್ತಾಗಾಕಿಲ್ಲ ಮಗ. ನಿಮಗೆ ಕೈಯೇ ಹೇಳ್ತದೆ, ನಂಗೆ ಕಣ್ಣು ಹೇಳಬೇಕು” ಎಂದರು. ಊಟದ ಹೊತ್ತಿನಲ್ಲಿ ಅವರ ಎಲೆಯನ್ನು ಪಂಕ್ತಿಯಿಂದ ದೂರವಾಗಿ ಹಾಕುತ್ತಿದ್ದೆವು. ಹಾಗೆ ಹಾಕುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬನು. ಈ ದಿನದ ವಿಷಯವನ್ನು ಕೇಳಿದೊಡನೆ ನನ್ನ ಕಣ್ಣಮುಂದೆ ಬಂದುದು ಯಾವ ಯಂತ್ರವೂ ಅಲ್ಲ, ಆ ಅಂಗೈ.

ನಮ್ಮ ಶಾಸ್ತ್ರಗಳು ಇಂದ್ರಿಯಗಳನ್ನು ಎರಡು ಬಗೆಯಾಗಿ ವಿಭಾಗಿಸಿರುವುವಷ್ಟೆ. ಅರಿವನ್ನು ತರುವ ಜ್ಞಾನೇಂದ್ರಿಯಗಳು ಐದು. ಕಾರ್ಯವನ್ನು ನಡೆಸುವ ಕರ್ಮೇಂದ್ರಿಯಗಳು ಐದು. ಷಟ್‌ಸ್ಥಲ ಸಿದ್ಧಾಂತವು ಇನ್ನೂ ಮುಂದೆ ಹೋಗಿ, ಪ್ರತಿಯೊಂದು ಜ್ಞಾನೇಂದ್ರಿಯವೂ ಲಿಂಗಕ್ಕೆ ಅರ್ಪಿಸುವ ಒಂದೊಂದು ಮುಖವೆಂದು ಹೇಳುವುದು. ಘ್ರಾಣವು ಆಚಾರಲಿಂಗಕ್ಕೆ, ಜಿಹ್ವೆಯು ಗುರುಲಿಂಗಕ್ಕೆ, ನೇತ್ರವು ಶಿವಲಿಂಗಕ್ಕೆ, ತ್ವಕ್ಕು ಜಂಗಮಲಿಂಗಕ್ಕೆ, ಶ್ರೋತ್ರವು ಪ್ರಸಾದಲಿಂಗಕ್ಕೆ, ಹೃದಯವು ಮಹಾಲಿಂಗಕ್ಕೆ. ಆದುದರಿಂದ ಸ್ಪರ್ಶವಾಗಲಿ ಶ್ರವಣವಾಗಲಿ ನಮ್ಮ ಮತದಲ್ಲಿ ಬಿಡತಕ್ಕ ಹೇಯವಸ್ತುವಲ್ಲ, ಅರ್ಪಣದ ಬಾಗಿಲು. ಬಾಗಿಲು ಮುಚ್ಚಿಹೋದವನಿಗೆ ಅದನ್ನು ತೆರೆಯಿಸುವ ಯತ್ನವು ಲೌಕಿಕವೆಂದು ತಳ್ಳಿಬಿಡತಕ್ಕದ್ದಲ್ಲ. ಇಷ್ಟನ್ನು ಹೇಳಿ, ಪೂರ್ವಿಕರಿಗೆ ಇಂದಿನ ನರವಿದ್ಯೆಯೆಲ್ಲವೂ ತಿಳಿದಿತ್ತೆಂದು ನಾನು ಸಾಧಿಸಹೊರಡುವುದಿಲ್ಲ. ತಿಳಿದಿರಲಿಲ್ಲ. ಅವರು ಬಾಗಿಲುಗಳನ್ನು ಎಣಿಸಿ ಅವುಗಳ ಬೆಲೆಯನ್ನು ಹೇಳಿದರು. ಬಾಗಿಲಿನ ಕೀಲುಗಳನ್ನು ಬಿಚ್ಚಿ ನೋಡಿದವರು ಈಚಿನವರು.

ಆ ಕೀಲುಗಳ ವಿಚಾರವನ್ನು ನಮ್ಮ ಸೀಮೆಯ ಒಂದು ದೃಷ್ಟಾಂತದಿಂದಲೇ ಹೇಳುವೆನು. ೧೯೦೨ರಲ್ಲಿ ನಮ್ಮ ನೆರೆಯ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಉಂಟುಮಾಡಿ, ತೊಂಬತ್ತು ಮೈಲಿಗೂ ಮೀರಿದ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರೆಂಬುದು ತಮಗೆಲ್ಲರಿಗೂ ತಿಳಿದದ್ದೇ. ಈಗ ನಡುದಾರಿಯಲ್ಲಿ ಆ ತಂತಿಯು ಕಡಿದುಹೋಯಿತೆಂದು ಭಾವಿಸಿರಿ. ಶಿವನಸಮುದ್ರದಲ್ಲಿ ನೀರು ಧುಮುಕುತ್ತಲೇ ಇರುವುದು, ಚಕ್ರವು ತಿರುಗುತ್ತಲೇ ಇರುವುದು. ಗಣಿಯಲ್ಲಿ ಯಂತ್ರಗಳೂ ಕೆಡದೆ ಸುಸ್ಥಿತಿಯಲ್ಲಿರುವುವು. ಆದರೂ ಕೆಲಸವೆಲ್ಲ ನಿಂತುಹೋಗುವುದು. ತೆಂಗಿನ ಮರದಿಂದ ಬಿದ್ದೋ ರಸ್ತೆಯ ಅಪಘಾತದಿಂದಲೋ ಬೆನ್ನುಹುರಿಗೆ ಪೆಟ್ಟಾದವನ ಸ್ಥಿತಿಯು ಇದೇ. ಅವನ ಮಿದುಳಿನಲ್ಲಿ ನಡೆಯಬೇಕೆಂಬ ಸಂಕಲ್ಪವು ಹುಟ್ಟುತ್ತಲೇ ಇರುವುದು; ಕಾಲಿನ ಮಾಂಸಖಂಡಗಳೂ ಇರುವುವು; ನಡುವಣ ಮಾರ್ಗವು ಮಾತ್ರ ಇಲ್ಲ.

ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಇಲ್ಲಿ ಎರಡು ಭೇದಗಳುಂಟು. ನರಮಾರ್ಗದಲ್ಲಿ ಆಜ್ಞೆಯು ಮೇಲಿನಿಂದ ಕೆಳಕ್ಕೆ ಇಳಿಯುವಂತೆ, ಸ್ಪರ್ಶ, ನೋವು, ಶೀತೋಷ್ಣಗಳ ವಾರ್ತೆಯು ಕೆಳಗಿನಿಂದ ಮೇಲಕ್ಕೆ ಏರುವುದು, ಇದು ಮೊದಲನೆಯದು. ಎರಡನೆಯದಾಗಿ, ಕಡಿದ ತಂತಿಯನ್ನು ಬೆಸೆಯಬಹುದು. ಕೈಕಾಲುಗಳ ನರವು ಕಡಿದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮೆಲ್ಲಮೆಲ್ಲಗೆ ಬೆಳೆದು ಕೂಡಿಕೊಳ್ಳುವುದುಂಟು. ಆದರೆ ಬೆನ್ನುಹುರಿಯೊಳಗಿನ ತಂತುಗಳು ಹಾಗೆ ತಾವಾಗಿ ಬೆಳೆದು ಕೂಡುವುದಿಲ್ಲ. ಆದುದರಿಂದಲೇ ಈ ಕಾಲದ ವಿದ್ವಾಂಸರು ಕಡಿದ ದಾರಿಯನ್ನು ಬಿಟ್ಟು, ಸುತ್ತುದಾರಿಯನ್ನು ಕಲ್ಪಿಸಲು ತೊಡಗಿದರು. ಎಲ್ಲಿಯವರೆಗೆ ದಾರಿಯು ಚೆನ್ನಾಗಿದೆಯೋ ಅಲ್ಲಿಂದ ವಾರ್ತೆಯನ್ನು ಯಂತ್ರದಿಂದ ಎತ್ತಿಕೊಂಡು, ಕೆಟ್ಟ ಸ್ಥಳವನ್ನು ದಾಟಿಸಿ, ಮುಂದಿನ ಒಳ್ಳೆಯ ದಾರಿಯಲ್ಲಿ ಇಳಿಸುವುದೇ ಅವರ ಉಪಾಯ. ಈ ವಿದ್ಯೆಯ ಸಾರವೆಲ್ಲವೂ ಇಷ್ಟರಲ್ಲಿ ಅಡಗಿರುವುದು.

ಇವುಗಳಲ್ಲಿ ಎಲ್ಲಕ್ಕಿಂತ ಮೊದಲು ಕೈಗೂಡಿದುದೂ, ನಮ್ಮ ಮನೆಯ ಬಾಗಿಲಿಗೆ ಬಂದಿರುವುದೂ ಶ್ರವಣದ ವಿಷಯವಾದುದು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಕೋಶವಿರುವುದು. ಅದರೊಳಗಣ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರದ ಭಾಷೆಗೆ ಮಾರ್ಪಡಿಸುವುವು. ಹುಟ್ಟು ಕಿವುಡಾದ ಅನೇಕ ಮಕ್ಕಳಲ್ಲಿ ಈ ರೋಮಕೋಶಗಳು ಕೆಟ್ಟಿರುವುವೇ ಹೊರತು ಶ್ರವಣದ ನರವು ಇದ್ದೇ ಇರುವುದು. ೧೯೫೭ರಲ್ಲಿ ಪ್ಯಾರಿಸ್ ನಗರದ ಜೂರ್ನೊ ಮತ್ತು ಐರಿಯೆಸ್ ಎಂಬವರು ಆ ನರವನ್ನು ವಿದ್ಯುತ್ತಿನಿಂದಲೇ ಎಚ್ಚರಿಸಿ, ಕಿವುಡನೊಬ್ಬನಿಗೆ ಶಬ್ದದ ಅರಿವು ಉಂಟಾಗುವಂತೆ ಮಾಡಿದರು. ೧೯೭೮ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಗ್ರೇಮ್ ಕ್ಲಾರ್ಕ್ ಎಂಬವರು ಅನೇಕ ವಿದ್ಯುದಗ್ರಗಳುಳ್ಳ ಉಪಕರಣವನ್ನು ಅಳವಡಿಸಿ, ಮಾತನ್ನೇ ಗ್ರಹಿಸುವ ಮಾರ್ಗವನ್ನು ತೆರೆದರು. ಇದನ್ನೇ ಕಾಕ್ಲಿಯರ್ ಇಂಪ್ಲಾಂಟ್ ಎನ್ನುವರು. ಕಿವಿಯ ಹೊರಗಿನ ಯಂತ್ರವು ಶಬ್ದವನ್ನು ಹಿಡಿದು ವಿಂಗಡಿಸುವುದು. ಚರ್ಮದ ಒಳಗಿನ ಯಂತ್ರವು ಅದನ್ನು ಸ್ವೀಕರಿಸಿ, ಆ ಸುರುಳಿಕೋಶದಲ್ಲಿ ಪೋಣಿಸಿದ ವಿದ್ಯುದಗ್ರಗಳೆಂಬ ಲೋಹದ ಮೊನೆಗಳ ಮೂಲಕ ನರಕ್ಕೆ ತಲಪಿಸುವುದು. ೨೦೧೯ನೆಯ ಇಸವಿಯ ಅಂತ್ಯದ ಹೊತ್ತಿಗೆ ಜಗತ್ತಿನಲ್ಲಿ ಏಳು ಲಕ್ಷಕ್ಕೂ ಮಿಗಿಲಾದ ಇಂಥ ಉಪಕರಣಗಳನ್ನು ಅಳವಡಿಸಲಾಗಿತ್ತು.

ಇಲ್ಲಿ ಒಂದು ವಿಸ್ಮಯವನ್ನು ಗಮನಿಸಬೇಕು. ಶ್ರವಣದ ನರದಲ್ಲಿ ಸುಮಾರು ೩೦,೦೦೦ ತಂತುಗಳುಂಟು. ಉಪಕರಣದಲ್ಲಿ ಇರುವ ಮೊನೆಗಳಾದರೋ ಹೆಚ್ಚೆಂದರೆ ಇಪ್ಪತ್ತೆರಡರ ಆಸುಪಾಸು. ಮೂವತ್ತು ಸಾವಿರ ದಾರಿಗಳ ಕೆಲಸವನ್ನು ಇಪ್ಪತ್ತೆರಡು ಹೇಗೆ ಮಾಡೀತು? ಯಂತ್ರವು ಮಾಡುವುದಿಲ್ಲ, ಮಗುವಿನ ಮಿದುಳು ಮಾಡುವುದು. ಹರಕು ಮುರುಕಾಗಿ ಬಂದ ಶಬ್ದವನ್ನು ಅದು ದಿನದಿನವೂ ಕೇಳಿ ಕೇಳಿ ಅರ್ಥಕ್ಕೆ ಕೂಡಿಸಿಕೊಳ್ಳುವುದು. ಆದುದರಿಂದಲೇ ಶಸ್ತ್ರಚಿಕಿತ್ಸೆಯು ಮುಗಿದ ದಿನ ಮಗುವಿಗೆ ಮಾತು ಬರುವುದಿಲ್ಲ. ಆ ದಿನವು ಅಕ್ಷರಾಭ್ಯಾಸದ ದಿನವಿದ್ದಂತೆ. ಅಕ್ಕಿಯಲ್ಲಿ ಓಂಕಾರವನ್ನು ಬರೆಸಿದ ಮಾತ್ರಕ್ಕೆ ಯಾವ ಮಗುವೂ ಪಂಡಿತನಾಗದು. ಒಂದು ವರ್ಷ, ಎರಡು ವರ್ಷ, ಅದಕ್ಕೂ ಹೆಚ್ಚು ಕಾಲ ತಾಯಿಯು ಎದುರಿಗೆ ಕುಳಿತು ಮಾತನಾಡಿಸಬೇಕು. ಮತ್ತು ಇದೆಲ್ಲವೂ ಎಳೆಯ ವಯಸ್ಸಿನಲ್ಲಿಯೇ ಆಗಬೇಕು. ಮಾತನ್ನೇ ಕೇಳದೆ ಬೆಳೆದ ಮಿದುಳಿನಲ್ಲಿ ಮಾತನ್ನು ಗ್ರಹಿಸುವ ಶಕ್ತಿಯು ವರ್ಷವರ್ಷಕ್ಕೂ ಕುಗ್ಗುತ್ತ ಹೋಗುವುದು. ಈ ಕಾರಣದಿಂದಲೇ ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಮಾತು ಕಲಿಯುವ ಮುನ್ನವೇ ಕಿವುಡಾದ ಮಕ್ಕಳಿಗೆ ಐದು ವರ್ಷಗಳ ಮಿತಿಯನ್ನು ಇಟ್ಟಿರುವರು.

ಈಗ ನನ್ನ ಎದೆಯಲ್ಲಿದ್ದ ಮಾತನ್ನು ಹೇಳುವೆನು. ಹಲವು ವರ್ಷಗಳ ಹಿಂದೆ ರೇಷ್ಮೆ ಬೆಳೆಗಾರರಾದ ಒಬ್ಬ ಭಕ್ತರು ತಮ್ಮ ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ನನ್ನ ಬಳಿಗೆ ಬಂದರು. “ಬುದ್ಧಿ, ಕೂಸು ಕರೆದರೆ ತಿರುಗಿ ನೋಡಾಕಿಲ್ಲ, ಮಾತೂ ಬಂದಿಲ್ಲ” ಎಂದರು. ನಾನು ಪಂಚಾಂಗವನ್ನು ತೆರೆದೆನು, ಪೂರ್ವಾರ್ಜಿತವೆಂದೆನು, ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತುಕೊಳ್ಳಿರೆಂದೆನು, ಕೆಲವು ಮಕ್ಕಳಿಗೆ ಮಾತು ತಡವಾಗಿಯೇ ಬರುವುದೆಂದು ಧೈರ್ಯವನ್ನೂ ಹೇಳಿದೆನು. ಅವರು ನನ್ನ ಮಾತನ್ನು ನಂಬಿ ಎರಡು ವರ್ಷ ಕಾದರು. ಆಮೇಲೆ ಶಾಲೆಗೆ ಸೇರಿಸುವ ಹೊತ್ತಿನಲ್ಲಿ ಯಾರೋ ಪುಣ್ಯಾತ್ಮರು ಹೇಳಿ ಪರೀಕ್ಷೆ ಮಾಡಿಸಿದಾಗ, ಮಗುವಿಗೆ ಎರಡು ಕಿವಿಗಳೂ ಕೇಳಿಸುವುದಿಲ್ಲವೆಂದೂ, ವಯಸ್ಸು ಮಿತಿಯನ್ನು ದಾಟಿತೆಂದೂ ತಿಳಿಯಿತು. ಆ ತಂದೆಯು ಈಗಲೂ ಮಠಕ್ಕೆ ಬರುತ್ತಾರೆ, ಈಗಲೂ ನನ್ನ ಕಾಲಿಗೆ ಬಾಗುತ್ತಾರೆ. ಒಂದು ದಿನವಾದರೂ ನನ್ನನ್ನು ಆಕ್ಷೇಪಿಸಿದವರಲ್ಲ. ಅವರು ಬಾಗಿದಾಗಲೆಲ್ಲ ನಾನು ಒಳಗೇ ಬಾಗುವೆನು. ಆ ಹುಡುಗಿಯು ಸಂಜ್ಞಾಭಾಷೆಯನ್ನು ಕಲಿತು, ಕಿವುಡ ಮಕ್ಕಳ ಶಾಲೆಯಲ್ಲಿ ಚೆನ್ನಾಗಿ ಓದಿ, ಈಗ ಹೊಲಿಗೆಯ ಕಸುಬಿನಲ್ಲಿ ನಿಪುಣಳಾಗಿದ್ದಾಳೆ. ಅವಳ ಬಾಳು ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಎರಡನೆಯ ಅಪರಾಧವಾದೀತು. ಆದರೆ ಅವಳ ಮುಂದೆ ಎರಡು ಬಾಗಿಲುಗಳಿದ್ದುವು. ಒಂದು ನನ್ನ ಅಜ್ಞಾನದಿಂದ ಮುಚ್ಚಿತು. ಹರಕೆಯನ್ನು ಹೊರುವುದು ತಪ್ಪಲ್ಲ. ಹರಕೆಯನ್ನು ಹೊತ್ತು, ಅದೇ ವಾರ ಮೈಸೂರಿಗೂ ಹೋಗಿರೆಂದು ಹೇಳದೆ ಹೋದುದು ತಪ್ಪು.

ಮೈಸೂರಿಗೆ ಎಂದೆನು. ಅಲ್ಲಿಯ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ದೇಶದ ನಾನಾ ಭಾಗಗಳಿಂದ ಜನರು ಅಲ್ಲಿಗೆ ಬರುವರು. ನಮಗಾದರೋ ಅದು ನೆರೆಮನೆ. ಅಷ್ಟೇ ಅಲ್ಲದೆ ಆ ಸಂಸ್ಥೆಯು ನಮ್ಮ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿಯೇ ತನ್ನ ಸೇವೆಯ ಹೊರಕೇಂದ್ರವನ್ನು ತೆರೆದದ್ದುಂಟು. ಹುಟ್ಟಿದ ಕೂಸು ನಿದ್ರಿಸುತ್ತಿರುವಾಗಲೇ ಕಿವಿಯಲ್ಲಿ ಸಣ್ಣ ಉಪಕರಣವನ್ನಿಟ್ಟು, ಅರೆಗಳಿಗೆಯಲ್ಲಿ, ನೋವಿಲ್ಲದೆ ಪರೀಕ್ಷಿಸುವ ಕ್ರಮವು ಈಗ ಬಳಕೆಯಲ್ಲಿರುವುದು. ಸೋದರಮಾವ ಸೊಸೆಯರ ಮದುವೆಯಿಂದ ವಂಶಾನುಗತವಾದ ಕಿವುಡುತನದ ಸಂಭವವು ಹೆಚ್ಚುವುದೆಂಬುದನ್ನೂ, ಅಂಥ ಸಂಬಂಧಗಳು ವಾಡಿಕೆಯಲ್ಲಿರುವ ನಮ್ಮ ಸೀಮೆಯಲ್ಲಿ ಈ ಪರೀಕ್ಷೆಯು ಮತ್ತಷ್ಟು ಅವಶ್ಯಕವೆಂಬುದನ್ನೂ ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಗುಂಬಳ್ಳಿಯ ಹೆಸರು ಬಂದುದರಿಂದ ಸ್ಪರ್ಶದ ವಿಷಯಕ್ಕೆ ಬರುವೆನು. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಲ್ಲಿ ಸೋಲಿಗರ ಸೇವೆಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಡಾಕ್ಟರ್ ಸುದರ್ಶನ್ ಅವರು, ೧೯೮೬ರಲ್ಲಿ ಕರುಣಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದುದು ಮುಖ್ಯವಾಗಿ ಯಳಂದೂರು ತಾಲ್ಲೂಕಿನ ಕುಷ್ಠರೋಗದ ನಿವಾರಣೆಗಾಗಿ. ೧೯೯೬ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತವನ್ನೂ ಆ ಸಂಸ್ಥೆಯು ವಹಿಸಿಕೊಂಡಿತು. ಇದೇ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಮೂರ್ಛೆರೋಗಿಗಳನ್ನು ಗುರುತಿಸಿ, ಅಲ್ಪವೆಚ್ಚದ ಔಷಧಗಳಿಂದ ರೋಗವನ್ನು ಹತೋಟಿಗೆ ತರಬಹುದೆಂದು ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ತೋರಿಸಿದರು. ಆ ವರದಿಯು ೨೦೦೧ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯಳಂದೂರಿನ ಹೆಸರನ್ನೇ ಹೊತ್ತು ಪ್ರಕಟವಾಯಿತು. ನರರೋಗಗಳ ಚಿಕಿತ್ಸೆಯಲ್ಲಿ ನಮ್ಮ ಚಿಕ್ಕ ತಾಲ್ಲೂಕು ಜಗತ್ತಿಗೆ ಪಾಠ ಹೇಳಿದುದನ್ನು ನಾವೇ ಮರೆತಿರಬಾರದು.

ಕುಷ್ಠವು ಪಾಪದ ಫಲವಲ್ಲವೆಂಬುದು ೧೮೭೩ರಲ್ಲಿಯೇ ಸ್ಪಷ್ಟವಾಗತೊಡಗಿತು. ಆ ವರ್ಷ ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು ಅದರ ಕ್ರಿಮಿಯನ್ನು ಕಂಡುಹಿಡಿದರು. ಆ ಕ್ರಿಮಿಯು ಚರ್ಮವನ್ನೂ ಚರ್ಮಕ್ಕೆ ಸಮೀಪವಾದ ನರಗಳನ್ನೂ ಹಿಡಿಯುವುದು. ನರವು ಕೆಟ್ಟ ಕೈಯಲ್ಲಿ ನೋವಿರುವುದಿಲ್ಲ. ನೋವಿಲ್ಲದಿರುವುದು ಭಾಗ್ಯವೆಂದು ತೋರಬಹುದು. ಆದರೆ ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಹಿಡಿದರೂ ಆ ಕೈಗೆ ತಿಳಿಯದು. ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಹುಣ್ಣಾಗಿ, ಕೀವಾಗಿ, ಬೆರಳುಗಳು ಸವೆಯುವುದು ಈ ಅರಿವಿಲ್ಲದಿರುವಿಕೆಯಿಂದಲೇ ಎಂಬುದನ್ನು ವೆಲ್ಲೂರಿನಲ್ಲಿದ್ದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಲೋಕಕ್ಕೆ ತಿಳಿಸಿಕೊಟ್ಟರು. ಅವರು ೧೯೪೦ರ ದಶಕದ ಕೊನೆಯಲ್ಲಿ, ಶಕ್ತಿಯುಳ್ಳ ಮಾಂಸಖಂಡದ ಸ್ನಾಯುರಜ್ಜುವನ್ನು ಮಡಿಚಿದ ಬೆರಳುಗಳಿಗೆ ಜೋಡಿಸಿ, ಆ ಕೈಗಳು ಮತ್ತೆ ತೆರೆಯುವಂತೆ ಮಾಡಿದರು. ಚಲನೆಯೇನೋ ಬಂದಿತು. ಸ್ಪರ್ಶವು ಬರಲಿಲ್ಲ. ಈಗಲೂ ಬಹುವಿಧ ಔಷಧಗಳಿಂದ ಕ್ರಿಮಿಯನ್ನು ಕೊಲ್ಲಬಹುದು. ಕಾಲ ಮೀರಿ ಕೆಟ್ಟ ನರವನ್ನು ಆ ಔಷಧಗಳು ಬದುಕಿಸಲಾರವು. ಬೆನ್ನುಹುರಿಗೆ ಪೆಟ್ಟಾದವನ ಕಷ್ಟವೂ ಇದಕ್ಕೆ ಸಮಾನವಾದುದೇ. ಒಂದೇ ಮಗ್ಗುಲಿನಲ್ಲಿ ಮಲಗಿ ಚರ್ಮವು ನಲುಗಿದರೂ ಅವನಿಗೆ ತಿಳಿಯದೆ ಹುಣ್ಣುಗಳಾಗುವುವು. ನಡೆಯಲಾರದುದು ಲೋಕಕ್ಕೆ ಕಾಣುವ ಕಷ್ಟ; ತಿಳಿಯಲಾರದುದು ಕಾಣದ ಕಷ್ಟ.

ಇನ್ನು ದೂರದೇಶಗಳಲ್ಲಿ ಈಚೆಗೆ ನಡೆದಿರುವ ಮಹಾಪ್ರಯತ್ನಗಳಲ್ಲಿ ಎರಡನ್ನು ಹೇಳುವೆನು. ಮೊದಲನೆಯದು ಚಲನೆಯ ವಿಷಯ. ಗೆರ್ಟ್ ಯಾನ್ ಓಸ್ಕಾಮ್ ಎಂಬ ಡಚ್ ದೇಶದವನು ೨೦೧೧ರಲ್ಲಿ ಬೈಸಿಕಲ್ಲಿನ ಅಪಘಾತದಿಂದ ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟು ತಿಂದು, ನಡೆಯುವ ಶಕ್ತಿಯನ್ನು ಕಳೆದುಕೊಂಡನು. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕೂರ್ಟೀನ್ ಎಂಬ ವಿಜ್ಞಾನಿಯೂ ಬ್ಲೋಖ್ ಎಂಬ ಶಸ್ತ್ರವೈದ್ಯೆಯೂ ಅವನ ಮಿದುಳಿನ ಹೊದಿಕೆಯ ಮೇಲೆ ತಲಾ ೬೪ ವಿದ್ಯುದಗ್ರಗಳುಳ್ಳ ಎರಡು ಉಪಕರಣಗಳನ್ನೂ, ಪೆಟ್ಟಿನ ಕೆಳಗಡೆ ಬೆನ್ನುಹುರಿಯ ಮೇಲೆ ಮತ್ತೊಂದನ್ನೂ ಇಟ್ಟರು. ಅವನು ಹೆಜ್ಜೆಯಿಡಲು ಸಂಕಲ್ಪಿಸಿದೊಡನೆ ಮೇಲಿನ ಉಪಕರಣವು ಆ ಸಂಕಲ್ಪದ ಗುರುತನ್ನು ಹಿಡಿಯುವುದು, ನಡುವಣ ಗಣಕಯಂತ್ರವು ಅದನ್ನು ಅರ್ಥಮಾಡುವುದು, ಕೆಳಗಿನದು ಕಾಲಿನ ನರಗಳನ್ನು ಎಬ್ಬಿಸುವುದು. ೨೦೨೩ರಲ್ಲಿ ಈ ವೃತ್ತಾಂತವು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನು ಎದ್ದು ನಿಂತನು, ನಡೆದನು, ಮೆಟ್ಟಿಲನ್ನು ಹತ್ತಿದನು. ದೀರ್ಘಕಾಲದ ಅಭ್ಯಾಸದ ಫಲವಾಗಿ ಯಂತ್ರವನ್ನು ನಿಲ್ಲಿಸಿದಾಗಲೂ ಊರುಗೋಲಿನ ಆಸರೆಯಿಂದ ಕೆಲವು ಹೆಜ್ಜೆಗಳನ್ನು ಇಡಬಲ್ಲವನಾದನು. ಆದರೆ ಅವನ ಬೆನ್ನುಹುರಿಯು ಸಂಪೂರ್ಣವಾಗಿ ಕಡಿದಿರಲಿಲ್ಲವೆಂಬುದನ್ನೂ, ಇದು ಒಬ್ಬನ ವೃತ್ತಾಂತವೆಂಬುದನ್ನೂ ಮರೆಯತಕ್ಕದ್ದಲ್ಲ.

ಎರಡನೆಯದು ಸ್ಪರ್ಶದ ವಿಷಯ. ಅಮೆರಿಕೆಯ ನೇಥನ್ ಕೋಪ್‌ಲೆಂಡ್ ಎಂಬ ಯುವಕನು ೨೦೦೪ರಲ್ಲಿ ಕಾರಿನ ಅಪಘಾತದಿಂದ ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡಿದ್ದನು. ಪಿಟ್ಸ್‌ಬರ್ಗಿನ ವಿದ್ವಾಂಸರು ಅವನ ಮಿದುಳಿನಲ್ಲಿ ಚಲನೆಯ ಸ್ಥಾನದಲ್ಲಿಯೂ ಸ್ಪರ್ಶದ ಸ್ಥಾನದಲ್ಲಿಯೂ ವಿದ್ಯುದಗ್ರಗಳನ್ನು ಇಟ್ಟರು. ಅವನು ಸಂಕಲ್ಪಮಾತ್ರದಿಂದ ಯಂತ್ರದ ಕೈಯನ್ನು ಆಡಿಸಬಲ್ಲವನಾದನು. ೨೦೧೬ರಲ್ಲಿ, ಕಣ್ಣು ಕಟ್ಟಿದಾಗಲೂ ಆ ಯಂತ್ರದ ಯಾವ ಬೆರಳನ್ನು ಮುಟ್ಟಿದರೆಂಬುದನ್ನು ಅವನು ಬಹುಮಟ್ಟಿಗೆ ಹೇಳಬಲ್ಲನೆಂದು ಪ್ರಕಟಿಸಿದರು. ೨೦೨೧ರಲ್ಲಿ ಇನ್ನೂ ಒಂದು ಸಂಗತಿಯನ್ನು ತೋರಿಸಿದರು. ಸ್ಪರ್ಶವಿಲ್ಲದೆ, ಕಣ್ಣಿನಿಂದಲೇ ನೋಡಿಕೊಂಡು ಒಂದು ವಸ್ತುವನ್ನು ಎತ್ತಿಡಲು ಅವನಿಗೆ ಸುಮಾರು ಇಪ್ಪತ್ತು ಸೆಕೆಂಡುಗಳು ಬೇಕಾಗಿದ್ದರೆ, ಸ್ಪರ್ಶದ ವಾರ್ತೆಯು ಸೇರಿದಾಗ ಹತ್ತೇ ಸೆಕೆಂಡುಗಳು ಸಾಕಾದುವು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. “ನಿಮಗೆ ಕೈಯೇ ಹೇಳ್ತದೆ, ನಂಗೆ ಕಣ್ಣು ಹೇಳಬೇಕು” ಎಂದು ಆ ವೃದ್ಧರು ಜಗಲಿಯ ತುದಿಯಲ್ಲಿ ಕುಳಿತು ಹೇಳಿದ ಮಾತಿಗೆ ಇದಕ್ಕಿಂತ ಬೇರೆ ಭಾಷ್ಯವೇನುಂಟು?

ನಮ್ಮ ನಾಡಿನಲ್ಲಿಯೇ ದೊರೆಯುವ ಚಿಕಿತ್ಸೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಕಂಪವಾತಕ್ಕೆ ನಮ್ಮ ವೈದ್ಯರು ನಸುಗುನ್ನಿಯ ಬೀಜವನ್ನು ಕೊಡುತ್ತಿದ್ದರು. ಪಾರ್ಕಿನ್‌ಸನ್ ರೋಗಕ್ಕೆ ಇಂದು ಕೊಡುವ ಲೆವೊಡೋಪ ಎಂಬ ದ್ರವ್ಯವು ಆ ಬೀಜದಲ್ಲಿರುವುದೆಂದು ಆಧುನಿಕರು ಕಂಡರು. ಔಷಧವೊಂದರಿಂದಲೇ ಸಾಲದೆ ಹೋದ ಕೆಲವರಿಗೆ, ಮಿದುಳಿನ ಆಳದಲ್ಲಿ ವಿದ್ಯುದಗ್ರವನ್ನಿಟ್ಟು ನಡುಕವನ್ನು ಶಮನಗೊಳಿಸುವ ಕ್ರಮವನ್ನು ೧೯೮೭ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದ ಬೆನಾಬಿದ್ ಎಂಬವರು ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಯು ನಡೆಯುತ್ತಿರುವುದು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳಬಹುದು. ಅಂಗವೈಕಲ್ಯವು ಪ್ರಾರಬ್ಧದ ಫಲವಾದುದರಿಂದ ಅದನ್ನು ಅನುಭವಿಸಿಯೇ ತೀರಿಸಬೇಕು, ಯಂತ್ರದಿಂದ ತಪ್ಪಿಸುವುದು ಯುಕ್ತವಲ್ಲ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವೇನೆಂದರೆ, ಹಸಿವೂ ಪ್ರಾರಬ್ಧವೇ ಆದಲ್ಲಿ ಮಠವು ಅನ್ನದಾಸೋಹವನ್ನು ನಡೆಸುವುದೇಕೆ? ಅಜ್ಞಾನವೂ ಪ್ರಾರಬ್ಧವೇ ಆದಲ್ಲಿ ಪಾಠಶಾಲೆಯೇಕೆ? ಪರರ ದುಃಖಕ್ಕೆ ಕರ್ಮದ ಹೆಸರನ್ನಿಡುವುದು ನಮ್ಮ ಸೋಮಾರಿತನಕ್ಕೆ ನಾವು ಮಾಡಿಕೊಂಡ ಉಪಾಯವಾಗಬಾರದು. ಯಂತ್ರವನ್ನು ಹೊತ್ತ ಶರೀರವು ಲಿಂಗಾಂಗವಾಗಲು ಯೋಗ್ಯವೇ ಎಂಬುದು ಎರಡನೆಯದು. ಕನ್ನಡಕವನ್ನು ಹಾಕಿಕೊಂಡು ನಾನು ಶಿವಲಿಂಗವನ್ನು ನೋಡುವೆನಷ್ಟೆ. ಅದರಿಂದ ದರ್ಶನಕ್ಕೆ ಕುಂದಾಯಿತೆಂದು ಯಾರೂ ಹೇಳಲಿಲ್ಲ. ಹಾಗೆಯೇ ಚಿಕಿತ್ಸೆಯು ದೊರೆಯದವನೂ, ಬೇಡವೆಂದವನೂ ನ್ಯೂನನಲ್ಲ. ಐದು ಮುಖಗಳಲ್ಲಿ ಒಂದು ಮುಚ್ಚಿದರೂ ಹೃದಯಮುಖವು ಮುಚ್ಚುವುದಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಶಾಸನವು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಕುಷ್ಠದಿಂದ ಗುಣಹೊಂದಿದವರನ್ನೂ ಅದರಲ್ಲಿ ಸೇರಿಸಿರುವುದು. ಶಾಸನವು ಒಪ್ಪಿದ ಸಮಾನತೆಯನ್ನು ಪಂಕ್ತಿಯು ಒಪ್ಪದಿದ್ದರೆ ನಾಚಿಕೆಯಲ್ಲವೇ?

ಆದರೆ ಈ ವಿದ್ಯೆಯಲ್ಲಿ ಒಂದು ಅಪಾಯವುಂಟು, ಅದನ್ನು ಮುಚ್ಚಿಡಬಾರದು. ಅಮೆರಿಕೆಯ ಸೆಕೆಂಡ್ ಸೈಟ್ ಎಂಬ ಕಂಪೆನಿಯು ಕುರುಡರ ಕಣ್ಣಿನ ಅಕ್ಷಿಪಟಲದ ಮೇಲೆ ಇಡುವ ಆರ್ಗಸ್ ಎಂಬ ಉಪಕರಣವನ್ನು ನಿರ್ಮಿಸಿತು. ಮುನ್ನೂರೈವತ್ತಕ್ಕೂ ಹೆಚ್ಚು ಮಂದಿ ಅದನ್ನು ಅಳವಡಿಸಿಕೊಂಡು ಬೆಳಕಿನ ಕೆಲವು ಆಕಾರಗಳನ್ನು ಕಂಡರು. ೨೦೧೯ರಲ್ಲಿ ಕಂಪೆನಿಯು ಅದರ ತಯಾರಿಕೆಯನ್ನು ನಿಲ್ಲಿಸಿತು. ೨೦೨೦ರಲ್ಲಿ ಕೆಲಸಗಾರರಲ್ಲಿ ಬಹುಮಂದಿಯನ್ನು ಬಿಟ್ಟಿತು. ಯಂತ್ರವು ಕೆಟ್ಟರೆ ಸರಿಮಾಡುವವರಿಲ್ಲದೆ, ಕಣ್ಣೊಳಗಿನ ಲೋಹದೊಡನೆ ಆ ಜನರು ಮತ್ತೆ ಕತ್ತಲೆಗೆ ಮರಳಬೇಕಾದ ಸ್ಥಿತಿಯು ಬಂದಿತು. ಕೊಟ್ಟು ಕೈಬಿಡುವುದು ಕೊಡದಿರುವುದಕ್ಕಿಂತ ಕಠಿನವಾದುದು.

ದೂರದ ಆ ಕಥೆಯ ಚಿಕ್ಕ ರೂಪವನ್ನು ನಮ್ಮಲ್ಲಿಯೂ ನೋಡಬಹುದು. ಹನೂರಿನ ಆಚೆಯ ಕಾಡಂಚಿನ ಊರಿನಲ್ಲಿ ಕಾಕ್ಲಿಯರ್ ಉಪಕರಣವುಳ್ಳ ಒಂದು ಮಗುವಿದೆಯೆಂದು ಭಾವಿಸಿರಿ. ಶಸ್ತ್ರಚಿಕಿತ್ಸೆಯ ಲಕ್ಷಾಂತರ ರೂಪಾಯಿಗಳನ್ನು ಸರಕಾರವೇ ಕೊಟ್ಟಿತು. ಹೊರಗಿನ ಯಂತ್ರದ ಒಂದು ತಂತಿಯು ಮುರಿಯಿತು, ಬ್ಯಾಟರಿಯು ತೀರಿತು, ಬೆವರಿಗೆ ಯಂತ್ರವು ಕೆಟ್ಟಿತು. ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿಯು ಹೋಗುವುದು. ತಂತಿಗೆ ಸಾವಿರಾರು ರೂಪಾಯಿಗಳಾಗುವುವು. ಯಂತ್ರವು ಗೂಡಿನಲ್ಲಿ ಕುಳಿತುಬಿಡುವುದು, ಮಗುವು ಮೌನಕ್ಕೆ ಮರಳುವುದು. ಅಷ್ಟು ದೊಡ್ಡ ವಿದ್ಯೆಯು ಅಷ್ಟು ಚಿಕ್ಕ ತಂತಿಯಲ್ಲಿ ಸೋಲುವುದು. ಆ ತಂತಿಯು ಲೋಸಾನಿನ ವಿದ್ವಾಂಸರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಈ ಹೊತ್ತು ನಾನು ಹೇಳಬಂದುದು ಇಷ್ಟೆ: ನರಮಾರ್ಗವನ್ನು ತೆರೆಯುವುದು ಯಂತ್ರದ 
ಕೆಲಸ, ತೆರೆದುದನ್ನು ಮುಚ್ಚದಂತೆ ಕಾಯುವುದು ದಾಸೋಹದ ಕೆಲಸ.

ಆದುದರಿಂದ ಈ ಮಹೋತ್ಸವದ ಸ್ಮರಣಾರ್ಥವಾಗಿ ಕೆಲವು ಸಂಕಲ್ಪಗಳನ್ನು ಮಾಡಬೇಕೆಂದು ಸನ್ನಿಧಿಯಲ್ಲಿ ಬೇಡಿಕೊಳ್ಳುವೆನು. ಮಠದಲ್ಲಿ ನಾಮಕರಣಕ್ಕಾಗಲಿ ಲಿಂಗಧಾರಣೆಗಾಗಲಿ ತರುವ ಪ್ರತಿಯೊಂದು ಕೂಸಿನ ವಿಷಯದಲ್ಲಿಯೂ, “ಕಿವಿಯ ಪರೀಕ್ಷೆಯಾಯಿತೇ?” ಎಂದು ಕೇಳುವ ಪದ್ಧತಿಯಾಗಲಿ, ಆ ಪ್ರಶ್ನೆಯನ್ನು ಕೇಳುವ ಊಳಿಗವನ್ನು ಮೊದಲು ನನಗೇ ಕೊಡಿಸಬೇಕು. ಚಿಕಿತ್ಸೆಗೂ ಅಭ್ಯಾಸಕ್ಕೂ ಮೈಸೂರಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾದ ತಾಯಿಮಕ್ಕಳಿಗೆ ವಸತಿಯೂ ಪ್ರಸಾದವೂ ದೊರೆಯುವಂತಾಗಲಿ. ತಂತಿ, ಬ್ಯಾಟರಿ, ಊರುಗೋಲು, ಗಾಲಿಕುರ್ಚಿ, ಹುಣ್ಣಾಗದಂತೆ ಕಾಯುವ ಹಾಸಿಗೆ, ಇವುಗಳಿಗಾಗಿ ಒಂದು ಅಕ್ಷಯನಿಧಿಯು ಏರ್ಪಡಲಿ. ಮಠದ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರು ದಾರಿಯಾಗಲಿ. ಪಾಠಶಾಲೆಯಲ್ಲಿ ಸಂಜ್ಞಾಭಾಷೆಯನ್ನು ಬಲ್ಲ ಒಬ್ಬ ಅಧ್ಯಾಪಕರು ಇರಲಿ. ಬೆನ್ನುಹುರಿಯನ್ನು ಬೆಸೆಯುವೆವೆಂದು ಜಾಹೀರಾತು ಮಾಡುವವರ ಮಾತನ್ನು ನಂಬಿ ಯಾರೂ ಹೊಲಗದ್ದೆಗಳನ್ನು ಮಾರಿಕೊಳ್ಳದಂತೆ, ಯಾವುದು ಸಿದ್ಧವಾದ ಚಿಕಿತ್ಸೆ, ಯಾವುದು ಇನ್ನೂ ಪ್ರಯೋಗದಲ್ಲಿರುವುದು ಎಂಬುದನ್ನು ತಿಳಿದ ವೈದ್ಯರಿಂದ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಹೇಳಿಸುವ ಏರ್ಪಾಡಾಗಲಿ.

ಯಳಂದೂರಿನ ಆ ವೃದ್ಧರು ಈಗ ಇಲ್ಲ. ಅವರ ಕೈಗೆ ಸ್ಪರ್ಶವನ್ನು ಮರಳಿ ಕೊಡುವ ವಿದ್ಯೆಯು ಆಗ ಇರಲಿಲ್ಲ. ಅಂಥ ಕೈಗೆ ಇಂದಿಗೂ ಸುಲಭವಾಗಿ ಇಲ್ಲ. ಆದರೆ ಅವರ ಎಲೆಯನ್ನು ಪಂಕ್ತಿಯಲ್ಲಿ ಹಾಕುವುದಕ್ಕೆ ಯಾವ ನೂತನ ವಿದ್ಯೆಯೂ ಬೇಕಾಗಿರಲಿಲ್ಲ. ಅವರ ಕೈ ಮರಗಟ್ಟಿತ್ತು, ನಿಜ. ಅಂದು ನಮ್ಮ ಹೃದಯವೂ ಮರಗಟ್ಟಿತ್ತೆಂಬುದನ್ನು ತಿಳಿಯಲು ನನಗೆ ನಲವತ್ತು ವರ್ಷಗಳು ಬೇಕಾದುವು. ಆ ಋಣವನ್ನು ಮುಂದಿನ ಮಕ್ಕಳಲ್ಲಿ ತೀರಿಸುವ ಭಾಗ್ಯವು ನಮ್ಮೆಲ್ಲರಿಗೂ ಲಭಿಸಲೆಂದು ಶ್ರೀ ಸನ್ನಿಧಿಯಲ್ಲಿ ಪ್ರಾರ್ಥಿಸುವೆನು.